ಶಾಸನ ಬರೆಯದ ತಿಂಗಳುಗಳು

ಹಳೇಬೀಡಿನ ಪಾರ್ಶ್ವನಾಥ ಬಸದಿಯನ್ನು ದಂಡನಾಯಕ ಗಂಗರಾಜನ ನೆನಪಿಗೆ ಅವನ ಮಗ ಬೊಪ್ಪ 1133ರಲ್ಲಿ ಕಟ್ಟಿಸಿದ. ಪ್ರತಿಷ್ಠೆಯ ಪ್ರಸಾದ ಬಂಕಾಪುರದಲ್ಲಿದ್ದ ವಿಷ್ಣುವರ್ಧನನಿಗೆ ತಲುಪುವ ಹೊತ್ತಿಗೆ ಅವನು ಮಸಣನನ್ನು ಗೆದ್ದಿದ್ದ; ರಾಣಿ ಲಕ್ಷ್ಮೀದೇವಿ ಗಂಡುಮಗು ಹೆತ್ತಿದ್ದಳು. ದೊರೆ ದೇವರಿಗೆ ವಿಜಯಪಾರ್ಶ್ವ, ಮಗನಿಗೆ ವಿಜಯನರಸಿಂಹ ಎಂದು ಹೆಸರಿಟ್ಟು, ಬಸದಿಗೆ ಜಾವಗಲ್ಲನ್ನು ದತ್ತಿ ಬಿಟ್ಟ. ಆಗ ಅವನು ಪಟ್ಟಕ್ಕೆ ಬಂದು ಸುಮಾರು 25 ವರ್ಷವಾಗಿತ್ತು.

ಬಸದಿಯ ಶಾಸನದಲ್ಲಿ ಗೆಲುವಿದೆ, ಮಗನಿದ್ದಾನೆ. ರಾಣಿಯ ವಯಸ್ಸಿಲ್ಲ, ಬಸಿರು ನಿಂತೀತೋ ಇಲ್ಲವೋ ಎಂದು ಅವಳು ದಿನ ಎಣಿಸಿದ ಮೊದಲ ತಿಂಗಳುಗಳಿಲ್ಲ. ಹೆರಿಗೆಯಾದ ಬಸಿರಿಗೆ ಮಾತ್ರ ಕಲ್ಲಿನಲ್ಲಿ ಜಾಗ.

ಜಾವಗಲ್ಲಿನಂತೆ ಹಾರನಹಳ್ಳಿಯೂ ಅರಸೀಕೆರೆ ತಾಲ್ಲೂಕಿನ ಊರು. ಅಲ್ಲಿರುವ ನನ್ನ ದೊಡ್ಡಮ್ಮನ ಮಗಳಿಗೆ ಈಗ 42, ಬಸಿರಿಗೆ ಎರಡನೇ ತಿಂಗಳು. ವೈದ್ಯಕೀಯ ನೆರವಿನಿಂದ ಗರ್ಭ ಧರಿಸಲು 2021ರ ಕಾಯಿದೆ ಹೆಣ್ಣಿಗೆ 50ರವರೆಗೆ ಅವಕಾಶ ಕೊಟ್ಟಿದೆ. ಆದರೆ ನಲವತ್ತು ದಾಟಿದವರಲ್ಲಿ ಮೂರರಲ್ಲಿ ಒಂದಾದರೂ ಬಸಿರು ಉಳಿಯುವುದಿಲ್ಲ. ಅಕ್ಕ ಮನೆಯಲ್ಲಿ ಇನ್ನೂ ಯಾರಿಗೂ ಹೇಳಿಲ್ಲ.

ಈ ಶಾಸನದ ವಿಷಯ ತಿಳಿಸಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ಹೆಸರು ಹಾಕದೆ ನನ್ನದೂ ಬರಿ ಕಣೆ. ನಿಂತರೂ ಸರಿ, ನಿಲ್ಲದಿದ್ದರೂ ಸರಿ, ಈ ದಿನಗಳು ಲೆಕ್ಕಕ್ಕಿರಲಿ.”