ಕೊಳ್ಳೆಯ ಒಡವೆಗೆ ಒಡೆಯರಾರು?

ಕುಮಟೆಯಿಂದ ಕಾಗಾಲದ ದಾರಿ ಹಿಡಿದು ಅಘನಾಶಿನಿಯ ಅಳಿವೆಯತ್ತ ಹೋದವರ ಕಣ್ಣಿಗೆ ಬೀಳುವುದು ಗಜನಿ ಗದ್ದೆಗಳು, ಕಗ್ಗದ ಬತ್ತ, ಬಳಚು ಆರಿಸುವವರ ದೋಣಿಗಳು. ಈ ನೆಲದ ಮೇಲೆ ಸಾಮ್ರಾಜ್ಯಗಳ ಹಣೆಬರಹವನ್ನು ತಿದ್ದಿದ ದಂಡೊಂದು ಇಳಿದಿತ್ತೆಂದರೆ ನಂಬುವುದು ಕಷ್ಟ. ಆದರೂ 1783ರ ಮೊದಲ ದಿನಗಳಲ್ಲಿ ಮುಂಬಯಿಯಿಂದ ಹಡಗುಗಳಲ್ಲಿ ಬಂದ ಜನರಲ್ ಮ್ಯಾಥ್ಯೂಸನ ಸೈನ್ಯ ಇಲ್ಲಿನ ರಾಜಮಂದುರ್ಗವನ್ನು ಏರಿ ಹಿಡಿಯಿತು. ಹಿಂದೆಯೇ ಮಿರ್ಜಾನ, ಹೊನ್ನಾವರಗಳೂ ಬಿದ್ದವು. ಹೈದರಾಲಿ ತೀರಿಕೊಂಡು ಆಗ ತಿಂಗಳಷ್ಟೇ ಆಗಿತ್ತು. ಟಿಪ್ಪೂ ಸುಲ್ತಾನ ದೂರದ ಪೂರ್ವದ ರಣರಂಗದಲ್ಲಿದ್ದ. ಮ್ಯಾಥ್ಯೂಸ್ ಕುಂದಾಪುರಕ್ಕೆ ನಡೆದು, ಹೊಸಂಗಡಿಯ ಘಟ್ಟವೇರಿ, ಜನವರಿ ಮುಗಿಯುವಷ್ಟರಲ್ಲಿ ಬಿದನೂರಿನ ಕೋಟೆಯೊಳಗಿದ್ದ.

ಬಿದನೂರೆಂದರೆ ಹೈದರನಗರ, ಇಂದಿನ ನಗರ. ಅಲ್ಲಿನ ಭಂಡಾರದ ಕತೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಕೆಳದಿಯ ಅರಸರು ಆ ಹಣವನ್ನು ಕೂಡಿಹಾಕಿದ್ದು ಎಲ್ಲಿಂದ? ಹೆಚ್ಚಿನ ಪಾಲು ಘಟ್ಟದ ಕೆಳಗಿನ ಈ ಸೀಮೆಯ ಮೆಣಸು, ಅಕ್ಕಿ, ಅಡಕೆಗಳಿಂದ ಮತ್ತು ಹೊನ್ನಾವರ, ಭಟ್ಕಳ, ಮಿರ್ಜಾನದಂಥ ಬಂದರುಗಳ ಸುಂಕದಿಂದ. ಆ ಭಟ್ಕಳವನ್ನಾದರೋ ಪೋರ್ತುಗೀಜರು 1542ರಲ್ಲೇ ಸುಟ್ಟು ಸೂರೆಗೊಂಡಿದ್ದರು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದಾಗ ಅಲ್ಲಿನ ಐಶ್ವರ್ಯ ಅವನ ಕೈಸೇರಿತು. ತನ್ನ ಮುಂದಿನ ಏಳಿಗೆಗೆಲ್ಲ ಆ ದಿನವೇ ಬುನಾದಿ ಎಂದು ಅವನೇ ಭಾವಿಸಿದ್ದನಂತೆ. ಇಪ್ಪತ್ತು ವರ್ಷಗಳ ಮೇಲೆ ಬಾಗಿಲು ತೆರೆದುಕೊಂಡದ್ದು ಮ್ಯಾಥ್ಯೂಸನಿಗೆ. ಕೋಟೆಯನ್ನು ಒಪ್ಪಿಸಿದ ಅಯಾಜಖಾನನ ಸ್ವಂತ ಹಣ ಎಷ್ಟು, ಸರಕಾರದ್ದು ಎಷ್ಟು ಎಂಬ ಲೆಕ್ಕದಲ್ಲಿ ಸೇನಾಪತಿಗೂ ಅವನ ಅಧಿಕಾರಿಗಳಿಗೂ ಜಗಳ ಹತ್ತಿ, ಮೂವರು ಹಿರಿಯ ಅಧಿಕಾರಿಗಳು ದೂರು ಹೊತ್ತು ಮುಂಬಯಿಗೆ ಹೊರಟುಹೋದರು. ಅಲ್ಲಿನ ಸರಕಾರ ಮ್ಯಾಥ್ಯೂಸನನ್ನೇ ಬದಲಾಯಿಸಲು ನಿರ್ಧರಿಸಿತು. ಆ ಆಜ್ಞೆಗೆ ಹೆಚ್ಚಿನ ಅರ್ಥವುಳಿಯಲಿಲ್ಲ. ಟಿಪ್ಪೂ ಬಂದು ನಗರವನ್ನು ಮುತ್ತಿದ, ಏಪ್ರಿಲ್ ಕೊನೆಯಲ್ಲಿ ಆಂಗ್ಲರು ಶರಣಾದರು. ಭಂಡಾರವನ್ನು ಹಾಗೆಯೇ ಬಿಟ್ಟುಕೊಡುವುದು ಶರಣಾಗತಿಯ ಕರಾರು. ಬಾಗಿಲು ತೆಗೆದರೆ ಒಳಗೆ ಹಣವಿಲ್ಲ; ಶೋಧಿಸಿದರೆ ಸೋತವರ ಗಂಟುಮೂಟೆಗಳಲ್ಲಿ ವರಹಗಳು! ಕರಾರು ಮುರಿಯಿತೆಂದು ಟಿಪ್ಪೂ ಅವರನ್ನೆಲ್ಲ ಸೆರೆಗೆ ತಳ್ಳಿದ. ಮ್ಯಾಥ್ಯೂಸ್ ಶ್ರೀರಂಗಪಟ್ಟಣದ ಸೆರೆಯಲ್ಲೇ ಸತ್ತ. ಹೊನ್ನಾವರದ ಕೋಟೆಯಲ್ಲಿದ್ದ ಕ್ಯಾಪ್ಟನ್ ಟೊರಿಯಾನೊ ಮಾತ್ರ 1784ರ ಮಂಗಳೂರು ಒಪ್ಪಂದದವರೆಗೆ ಮುತ್ತಿಗೆಯನ್ನು ತಾಳಿಕೊಂಡ.

ನಾಣ್ಯಕ್ಕೆ ಗುರುತಿಲ್ಲ. ಕರಗಿಸಿದರೆ ಕೆಳದಿಯ ವರಹವೂ ಒಂದೇ, ಹೈದರನ ವರಹವೂ ಒಂದೇ. ಕಲಾವಸ್ತುವಿನ ಮಾತು ಬೇರೆ. ಅದು ಎಲ್ಲಿಗೆ ಹೋದರೂ ತನ್ನ ಮುಖವನ್ನು ಹೊತ್ತುಕೊಂಡೇ ಹೋಗುತ್ತದೆ. ಇದು ಎದ್ದುಕಂಡದ್ದು 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ. ಒಂದು ರಾತ್ರಿಯೆಲ್ಲ ಲೂಟಿ ನಡೆಯಿತು. ಮರುದಿನ ಅದನ್ನು ನಿಲ್ಲಿಸಲು ಆರ್ಥರ್ ವೆಲ್ಲೆಸ್ಲಿ ಸಿಪಾಯಿಗಳನ್ನು ಗಲ್ಲಿಗೇರಿಸಬೇಕಾಯಿತು. ಇದು ಲೆಕ್ಕಕ್ಕೆ ಸಿಕ್ಕದ ಲೂಟಿ. ಲೆಕ್ಕದ ಲೂಟಿಗೆ ಬೇರೆಯೇ ಪದ್ಧತಿ: ಅಧಿಕಾರಿಗಳ ಸಮಿತಿಯೊಂದು ಕುಳಿತು, ಅರಮನೆಯ ಸೊತ್ತಿಗೆ ಬೆಲೆ ಕಟ್ಟಿ, ಹರಾಜು ಹಾಕಿ, ದರ್ಜೆಗೆ ತಕ್ಕಂತೆ ಪಾಲು ಹಂಚುವುದು. ಸೇನಾಪತಿ ಹ್ಯಾರಿಸನ ಪಾಲೊಂದೇ 1 ಲಕ್ಷ 40 ಸಾವಿರ ಪೌಂಡಿಗೆ ಮಿಕ್ಕಿತ್ತು. ಚಿನ್ನದ ತಗಡು ಹೊದೆಸಿದ ಟಿಪ್ಪುವಿನ ಸಿಂಹಾಸನವನ್ನು ಇಡಿಯಾಗಿ ಇಂಗ್ಲೆಂಡಿನ ದೊರೆಗೆ ಕಳಿಸಬೇಕೆಂಬುದು ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಸೆ. ಅಷ್ಟರಲ್ಲಿ ಆ ಸಮಿತಿಯವರು ಅದನ್ನು ತುಂಡರಿಸಿಬಿಟ್ಟಿದ್ದರು. ಅದರ ಹುಲಿಯ ತಲೆ, ರತ್ನಖಚಿತ ಹುಮಾ ಪಕ್ಷಿ ವಿಂಡ್ಸರ್ ಅರಮನೆ ಸೇರಿದವು. ಪುಟ್ಟ ಹುಲಿಮುಖವೊಂದು ವೇಲ್ಸಿನ ಪೋವಿಸ್ ಕೋಟೆಯಲ್ಲಿದೆ. ಸುಮಾರು ಎರಡು ಸಾವಿರ ಗ್ರಂಥಗಳ ಸುಲ್ತಾನನ ಪುಸ್ತಕಭಂಡಾರ ಕಲಕತ್ತೆಗೂ ಇಂಗ್ಲೆಂಡಿಗೂ ಹಂಚಿಹೋಯಿತು.

ಸಂಗೀತಶಾಲೆಯಲ್ಲಿ ಸಿಕ್ಕ ಮರದ ಹುಲಿಯ ಭಾಗ್ಯವೇ ವಿಚಿತ್ರ. ಬಿಳಿಯ ಸೋಜರನ ಮೇಲೆರಗಿದ ಹುಲಿ. ಹಿಡಿಕೆ ತಿರುಗಿಸಿದರೆ ಅದು ಗರ್ಜಿಸುತ್ತದೆ, ಅವನು ನರಳುತ್ತಾನೆ. 1808ರಿಂದ ಲಂಡನ್ನಿನ ಕಂಪೆನಿ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟರು. ಬಂದವರೆಲ್ಲ ಹಿಡಿಕೆ ತಿರುಗಿಸಿ ತಿರುಗಿಸಿ, ಪಕ್ಕದ ಪುಸ್ತಕಾಲಯದಲ್ಲಿ ಓದುತ್ತಿದ್ದವರ ತಲೆ ಚಿಟ್ಟುಹಿಡಿಸಿದರಂತೆ. (ಗೆದ್ದವರಿಗೆ ಆ ಹುಲಿ ಕೊಟ್ಟ ಕೊನೆಯ ಕಾಟವೆಂದು ನಾವು ತುಸು ಸಮಾಧಾನಪಡಬಹುದು.) ಇಂದು ಅದು ಅದೇ ಪಟ್ಟಣದ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ.

ಇದನ್ನು ಮರಳಿಸಿರೆಂದರೆ ಬರುವ ಉತ್ತರ ಕಾನೂನಿನದು. ಕದ್ದ ಕಲಾವಸ್ತುಗಳನ್ನು ಕುರಿತ 1970ರ ಯುನೆಸ್ಕೋ ಒಪ್ಪಂದ ಹಿಂದಿನ ಕಾಲಕ್ಕೆ ಅನ್ವಯಿಸದು. ಬ್ರಿಟನ್ನಿನ 1983ರ ಶಾಸನ ಆ ಸಂಗ್ರಹಾಲಯದ ಕೈ ಕಟ್ಟಿದೆ. ಆದರೆ ನಾತ್ಸಿಗಳು ಯೆಹೂದ್ಯರಿಂದ ಕಿತ್ತುಕೊಂಡ ಕಲಾಕೃತಿಗಳ ವಿಷಯ ಬಂದಾಗ 1998ರಲ್ಲಿ ವಾಷಿಂಗ್ಟನ್ನಿನಲ್ಲಿ 44 ದೇಶಗಳು ನ್ಯಾಯದ ಸೂತ್ರಗಳನ್ನು ಒಪ್ಪಿದವು. 2009ರಲ್ಲಿ ಬ್ರಿಟನ್ನೇ ಅದಕ್ಕಾಗಿ ತನ್ನ ಕಾನೂನನ್ನು ಸಡಿಲಿಸಿತು. ಸಡಿಲಿಸಬೇಕೆಂದರೆ ಸಡಿಲಿಸಲು ಬರುತ್ತದೆಂದಾಯಿತಲ್ಲವೆ? ಗ್ಲಾಸ್ಗೊ ನಗರದ ಸಂಗ್ರಹಾಲಯಗಳು 2022ರಲ್ಲಿ ಭಾರತದ ಏಳು ವಸ್ತುಗಳನ್ನು ಮರಳಿಸಲು ಒಪ್ಪಿದವು. ಮಿಕ್ಕಂತೆ ಉಳಿದಿರುವುದು ಹರಾಜುಕಟ್ಟೆಯ ದಾರಿ. ಟಿಪ್ಪುವಿನದೆಂಬ ಕತ್ತಿಯೊಂದನ್ನು 2003ರಲ್ಲಿ ನಮ್ಮ ಉದ್ಯಮಿಯೊಬ್ಬರು ಲಂಡನ್ನಿನಲ್ಲಿ ಕೊಂಡರು, ಮುಂದೆ ಬೇರೆಯವರಿಗೆ ಕೊಟ್ಟುಬಿಟ್ಟರೆಂದು 2018ರಲ್ಲಿ ಸುದ್ದಿಯಾಯಿತು. ಇನ್ನೊಂದು ಕತ್ತಿ 2023ರಲ್ಲಿ 1 ಕೋಟಿ 40 ಲಕ್ಷ ಪೌಂಡಿಗೆ ಮಾರಾಟವಾಯಿತು. ಕಿತ್ತುಕೊಂಡದ್ದನ್ನು ಕಳೆದುಕೊಂಡವರೇ ಹಣ ತೆತ್ತು ಬಿಡಿಸಿಕೊಳ್ಳುವುದು ನನಗಂತೂ ನ್ಯಾಯವಾಗಿ ತೋರದು.

ನಮ್ಮ ಇತಿಹಾಸದಲ್ಲೇ ಬೇರೊಂದು ನಡೆ ಇದೆ. 1791ರಲ್ಲಿ ಮರಾಠರ ದಂಡು ಶೃಂಗೇರಿಯ ಮಠವನ್ನು ಸೂರೆಮಾಡಿ, ಶಾರದೆಯ ಮೂರ್ತಿಯನ್ನು ಕದಲಿಸಿತು. ಮಠದ ಸ್ವಾಮಿಗಳು ಟಿಪ್ಪುವಿಗೆ ಬರೆದರು. ಪುನಃಪ್ರತಿಷ್ಠೆಗಾಗಿ ನಗರದ ಆಸಫನಿಂದ 200 ರಾಹತಿ ನಗದನ್ನೂ ಅಷ್ಟೇ ಬೆಲೆಯ ಧಾನ್ಯವನ್ನೂ ಕೊಡಿಸುವಂತೆ ಸುಲ್ತಾನ ಅಪ್ಪಣೆಮಾಡಿದ. ಆ ಕನ್ನಡ ಪತ್ರಗಳನ್ನು 1916ರಲ್ಲಿ ಆರ್. ನರಸಿಂಹಾಚಾರ್ಯರು ಬೆಳಕಿಗೆ ತಂದರು. ಗಮನಿಸಿ, ಹಣ ಹೊರಟದ್ದು ನಗರದಿಂದ. ಎಂಟು ವರ್ಷಗಳ ಹಿಂದೆ ಮ್ಯಾಥ್ಯೂಸನ ಜನ ಬರಿದುಮಾಡಿದ್ದ ಊರಿನಿಂದ. ಲೂಟಿ ಮಾಡಿದವರು ಬೇರೆ, ನಷ್ಟ ಕಟ್ಟಿಕೊಟ್ಟವನು ಬೇರೆ.

ಆದರೆ ಕೈ ತೊಳೆದುಕೊಂಡು ಮಾತಾಡುವ ಹಕ್ಕು ನಮಗೂ ಪೂರಾ ಇಲ್ಲ. ಹನ್ನೊಂದನೆಯ ಶತಮಾನದಲ್ಲಿ ಚೋಳ ರಾಜಾಧಿರಾಜ ಚಾಲುಕ್ಯರ ಕಲ್ಯಾಣವನ್ನು ಸುಟ್ಟು ಹೊತ್ತೊಯ್ದ ದ್ವಾರಪಾಲಕ ತಂಜಾವೂರಿನ ಕಲಾಶಾಲೆಯಲ್ಲಿ ಇಂದೂ ನಿಂತಿದ್ದಾನೆ. ಎಲ್ಲಿಂದ, ಯಾರು ತಂದರೆಂಬುದನ್ನು ಅವನ ಪೀಠದ ಮೇಲೆ ತಮಿಳಿನಲ್ಲಿ ಕೊರೆದಿದ್ದಾರೆ. ಇದು ನಾವು ಕಳೆದುಕೊಂಡದ್ದು. ನಾವು ತಂದದ್ದೂ ಉಂಟು. ಗಜಪತಿಯ ಉದಯಗಿರಿ ದುರ್ಗವನ್ನು ಗೆದ್ದ ಕೃಷ್ಣದೇವರಾಯ ಅಲ್ಲಿನ ಬಾಲಕೃಷ್ಣನ ವಿಗ್ರಹವನ್ನು ಹಂಪೆಗೆ ತಂದು, ಅದಕ್ಕೆಂದೇ ಗುಡಿ ಕಟ್ಟಿಸಿ, 1515ರಲ್ಲಿ ಪ್ರತಿಷ್ಠೆ ಮಾಡಿಸಿದ. ಪ್ರತಿಷ್ಠೆಯ ಶಾಸನ ಗುಡಿಯಲ್ಲೇ ಇದೆ. ವಿಜಯನಗರ ಹಾಳಾದ ಮೇಲೆ ಆ ಕೃಷ್ಣನೂ ಅಲ್ಲಿ ಉಳಿಯಲಿಲ್ಲ.

ಇದನ್ನು ಮುಂದಿಟ್ಟು, ಎಲ್ಲರೂ ಕಳ್ಳರೇ ಎನ್ನುವ ವಾದ ಹೂಡುವವರಿದ್ದಾರೆ. ಹಾಗೆಂದು ಶ್ರೀರಂಗಪಟ್ಟಣದ ಹುಲಿಯ ಮಾತು ಬಿದ್ದುಹೋಗದು: ಅದರ ಊರು ಗೊತ್ತು, ದಿನ ಗೊತ್ತು, ಒಯ್ದವರ ದಫ್ತರವೂ ಇದೆ. ಬಾಲಕೃಷ್ಣನ ಲೆಕ್ಕ ಇನ್ನೂ ತೊಡಕಿನದು. ಅವನು ಮೂಲತಃ ಇದ್ದ ಉದಯಗಿರಿ ಇಂದು ಆಂಧ್ರದ ನೆಲ್ಲೂರು ಸೀಮೆಯಲ್ಲಿದೆ, ಸೋತ ದೊರೆ ಒಡಿಶಾದವನು, ಹಂಪೆ ನಮ್ಮದು, ಅವನೀಗ ಇರುವುದು ಚೆನ್ನೈಯ ಸರಕಾರಿ ವಸ್ತುಸಂಗ್ರಹಾಲಯದಲ್ಲಿ. ಹಂಪೆಯ ಕೃಷ್ಣನ ಗುಡಿಯ ಗರ್ಭಗೃಹ ಬರಿದಾಗಿದೆ.