ಹಳೇ ಪೇಟಿಯ ಗುರುತು ಓದುವುದು

ಕುಂದಗೋಳ, ನವಲಗುಂದ, ಅಣ್ಣಿಗೇರಿ ಕಡೆ ಹಾರ್ಮೋನಿಯಂಗೆ ಪೇಟಿ ಎಂದೇ ಹೆಸರು. ಬಾರಿಸುವವರು ಪೇಟಿ ಮಾಸ್ತರ. ಭಜನಾ ಮಂಡಳಿಗೆ ಹಳೇ ಪೇಟಿ ಕೊಳ್ಳಲು ಹೋದರೆ ‘ಮೂರೂವರೆ ಸಪ್ತಕ, ಖರ್ಜ-ನರ, ಕಪ್ಲರ್’ ಎಂಬ ಮಾತುಗಳು ಕಿವಿಗೆ ಬೀಳುತ್ತವೆ. ಪಾಲಿಶ್ ನೋಡಿ ಮನಸೋಲುವ ಮೊದಲು ಇವುಗಳ ಅರ್ಥ ಗೊತ್ತಿರಬೇಕು.

ಕರಿ, ಬಿಳಿ

‘ಕರಿ ಒಂದು’, ‘ಬಿಳಿ ಒಂದು’ ಎಂಬ ಮಾತೂ ಜೊತೆಗೆ ಕೇಳುತ್ತದೆ; ಅದು ಪೇಟಿಯ ಗುರುತಲ್ಲ, ಹಾಡುವವರ ಷಡ್ಜದ ವಿಳಾಸ. ಪ್ರತಿ ಸಪ್ತಕದಲ್ಲಿ 7 ಬಿಳಿ ಮನೆ (ಕೀ), 5 ಕರಿ ಮನೆ. ಬಿಳಿ ಒಂದು ಎಂದರೆ ಪಾಶ್ಚಾತ್ಯರ ‘ಸಿ’, ಕರಿ ಒಂದು ‘ಸಿ ಶಾರ್ಪ್’, ಕರಿ ಐದು ‘ಎ ಶಾರ್ಪ್’. ಹೊಸಬರು ಎಡವುವುದು ನಡುವೆ: ಕರಿ ಒಂದರಿಂದ ಎರಡಕ್ಕೆ ಎರಡೇ ಹೆಜ್ಜೆ, ಎರಡರಿಂದ ಮೂರಕ್ಕೆ ಮೂರು. ಅಲ್ಲಿ ಬಿಳಿ ಮೂರು, ಬಿಳಿ ನಾಲ್ಕು ಪಕ್ಕಪಕ್ಕ ಕೂತಿವೆ. ‘ಒಂದು ಕರಿ ಏರಿಸ್ರಿ’ ಎಂದಾಗ ಗಂಟಲಿಗೆ ಬೀಳುವ ಭಾರ ಎಲ್ಲ ಕಡೆ ಒಂದೇ ಅಲ್ಲ.

ಗಂಡಸರು ಸಾಮಾನ್ಯವಾಗಿ ಕರಿ ಒಂದರ ಆಸುಪಾಸು, ಹೆಂಗಸರು ಕರಿ ನಾಲ್ಕು-ಐದರಲ್ಲಿ ಹಾಡುತ್ತಾರೆ. ಆದರೆ ಇದನ್ನು ಕಟ್ಟಳೆ ಮಾಡಬಾರದು. ಕುಂದಗೋಳದಲ್ಲಿ ಸವಾಯಿ ಗಂಧರ್ವರ ಬಳಿ ಕಲಿತ ಗಾಯಕಿ ಗಂಗೂಬಾಯಿ ಹಾನಗಲ್ ಅವರ ದನಿ ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಗಂಡುದನಿಯಷ್ಟು ತಗ್ಗಿತು. ಆ ಗಾಂಭೀರ್ಯವೇ ಅವರ ಗಾಯನದ ಗುರುತಾಯಿತು.

ಸಪ್ತಕ, ಸಾಲು

ಮೂರು ಸಪ್ತಕದ ಪೇಟಿಗೆ 37 ಮನೆ, ಮೂರೂವರೆಗೆ 42.

ಖರ್ಜ, ನರ, ಮಾದಿ ಎಂಬವು ರೀಡಿನ, ಅಂದರೆ ಗಾಳಿಗೆ ನುಡಿಯುವ ಹಿತ್ತಾಳೆ ಪಟ್ಟಿಗಳ, ಸಾಲುಗಳು. ಒಂದೇ ಮನೆ ಒತ್ತಿದರೂ ಖರ್ಜ ನರಕ್ಕಿಂತ ಒಂದು ಸಪ್ತಕ ಕೆಳಗೆ, ಮಾದಿ ಒಂದು ಸಪ್ತಕ ಮೇಲೆ ನುಡಿಯುತ್ತದೆ. ಭಜನೆಗೆ ಖರ್ಜ-ನರ ಸಾಕು. ಮೂರೂ ಸಾಲು ತೆರೆದರೆ ಗಾಳಿ ಬೇಗ ಮುಗಿದು ಭಾತೆ (ತಿದಿ) ಹಾಕುವ ಕೈ ಸೋಲುತ್ತದೆ. ನಾಟಕದ ಲೆಗ್ ಹಾರ್ಮೋನಿಯಂನ ಅನುಕೂಲ ಇದೇ: ಗಾಳಿಯನ್ನು ಕಾಲು ಹಾಕುತ್ತದೆ, ಎರಡೂ ಕೈ ಬಿಡುವು.

ಕಪ್ಲರ್ ಇದ್ದರೆ ಒತ್ತಿದ ಮನೆ ಇನ್ನೊಂದು ಸಪ್ತಕದ ಮನೆಯನ್ನೂ ಎಳೆಯುತ್ತದೆ. ಸ್ಕೇಲ್ ಚೇಂಜರ್‌ನಲ್ಲಿ ಮನೆಗಳ ಸಾಲೇ ಸರಿಯುವುದರಿಂದ ಕಣ್ಣಿಗೆ ಕಾಣುವ ಕರಿ ಒಂದು ನಿಜವಾದ ಕರಿ ಒಂದಾಗಿರಬೇಕಿಲ್ಲ.

ಎರಡು ಪೇಟಿ, ಎರಡು ಕರಿ ಒಂದು

ಎರಡು ಪೇಟಿಗಳ ಕರಿ ಒಂದು ಒಂದಕ್ಕೊಂದು ಹೊಂದದಿದ್ದರೆ, ಕೂಡಿಸಿದ ಅಳತೆಯೇ ಬೇರೆ ಇರಬಹುದು. ಫ್ರಾನ್ಸ್ 1859ರಲ್ಲಿ ‘ಎ’ ಸ್ವರಕ್ಕೆ ಸೆಕೆಂಡಿಗೆ 435 ಕಂಪನ ಗೊತ್ತು ಮಾಡಿತ್ತು. 1939ರ ಲಂಡನ್ ಸಮ್ಮೇಳನ ಅದನ್ನು 440 ಮಾಡಿತು. ಹಳೆಯ ಅಳತೆಗೆ ಕೂಡಿಸಿದ ರೀಡು ಇಂದಿನದಕ್ಕಿಂತ, ಪಕ್ಕದ ಮನೆಗಿರುವ ಅಂತರದ ಐದನೇ ಒಂದರಷ್ಟು ಕೆಳಗೆ ನಿಲ್ಲುತ್ತದೆ. ಸರಿಪಡಿಸಲು ರೀಡಿನ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಕೆರೆದ ಹಿತ್ತಾಳೆ ಮರಳಿ ಬಾರದು. ಒಂಟಿಯಾಗಿ ನುಡಿಯುವ ಪೇಟಿಯಾದರೆ ಅದನ್ನು ಹಾಗೇ ಬಿಟ್ಟು, ತಬಲಾವನ್ನೇ ಅದಕ್ಕೆ ಹೊಂದಿಸಿಕೊಳ್ಳುವುದು ಮೇಲು.