ಕ್ಯಾಲಿಬನ್ನನ ತಾಯಿನುಡಿ ಮತ್ತು ನಮ್ಮ ಮಕ್ಕಳ ಇಂಗ್ಲಿಷ್ ಪತ್ರಿಕೆ

ಗಡಿಯಾಚೆಯ ಕನ್ನಡ ಪೋಷಕರಲ್ಲಿ ಒಂದು ಅರಿಕೆ. ‘ಈ ಪಾತ್ರವನ್ನು ವಿಶ್ಲೇಷಿಸಿರಿ’, ‘ಈ ಸಂಕೇತವನ್ನು ವಿವರಿಸಿರಿ’ ಎಂಬ ಪ್ರಶ್ನೆಗಳಿಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮಗು ಮುಂದೆ ಇಂಗ್ಲಿಷಿನಲ್ಲಿ ಹೇಗೆ ಉತ್ತರಿಸೀತು ಎಂಬ ಅಂಜಿಕೆಯಿಂದಲೇ ತಮ್ಮಲ್ಲಿ ಅನೇಕರು ಒಂದನೆಯ ತರಗತಿಯಲ್ಲಿಯೇ ಮಾಧ್ಯಮ ಬದಲಿಸುವುದುಂಟು. ಆ ಪ್ರಶ್ನೆಗಳು ಎಲ್ಲಿಂದ ಬಂದವೆಂಬುದನ್ನು ತಾವು ಒಮ್ಮೆ ನೋಡಬೇಕು.

ಇಂಗ್ಲಿಷ್ ಸಾಹಿತ್ಯಕ್ಕೆ ಪ್ರತ್ಯೇಕ ಪದವಿಪರೀಕ್ಷೆ ಆಕ್ಸ್‌ಫರ್ಡಿನಲ್ಲಿ ಏರ್ಪಟ್ಟದ್ದು 1890ರ ದಶಕದಲ್ಲಿ, ಕೇಂಬ್ರಿಜಿನಲ್ಲಿ 1917ರಲ್ಲಿ. ಕಲ್ಕತ್ತೆಯ ಹಿಂದೂ ಕಾಲೇಜಿನ ಹುಡುಗರಾದರೋ 19ನೆಯ ಶತಮಾನದ ಪೂರ್ವಾರ್ಧದಲ್ಲಿಯೇ ಷೇಕ್ಸ್‌ಪಿಯರನನ್ನು ಓದುತ್ತಿದ್ದರು. 1844ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜ್ ಸರ್ಕಾರಿ ನೌಕರಿಯಲ್ಲಿ ಇಂಗ್ಲಿಷ್ ಕಲಿತವರಿಗೆ ಪ್ರಾಶಸ್ತ್ಯವಿತ್ತ ಮೇಲೆ ಆ ಓದಿಗೆ ಅನ್ನದ ನಂಟೂ ಬಿತ್ತು. ಸರ್ಕಾರಿ ಶಾಲೆಗಳಲ್ಲಿ ಬೈಬಲನ್ನು ಬೋಧಿಸುವಂತಿರಲಿಲ್ಲ. ಆ ನೀತಿಬೋಧೆಯನ್ನು ಸಾಹಿತ್ಯದ ಮೂಲಕ ಸಾಗಿಸಲಾಯಿತೆಂದು ಗೌರಿ ವಿಶ್ವನಾಥನ್ 1989ರ ತಮ್ಮ ಗ್ರಂಥದಲ್ಲಿ ವಾದಿಸಿದ್ದಾರೆ. ಪಾತ್ರವಿಮರ್ಶೆಗೆ ಎ.ಸಿ. ಬ್ರಾಡ್ಲಿ 1904ರಲ್ಲಿ ಪ್ರಕಟಿಸಿದ ಷೇಕ್ಸ್‌ಪಿಯರ್ ಉಪನ್ಯಾಸಗಳು ಬಹುಕಾಲ ಮಾದರಿಯಾಗಿದ್ದವು. ನಮ್ಮ ಪರೀಕ್ಷಾ ಗೈಡುಗಳು ಆ ಬಗೆಯ ವಿಮರ್ಶೆಯ ತಿರುಳನ್ನು ಬಿಟ್ಟು ಸಿಪ್ಪೆಯನ್ನು ಉಳಿಸಿಕೊಂಡವು. ಗೈಡಿನ ಉರು ವಿಶ್ಲೇಷಣೆಯಲ್ಲ. ಅದು ಯಾವ ಮಾಧ್ಯಮದ ಮಗುವಿಗೂ ಸಾಧ್ಯ.

‘ದಿ ಟೆಂಪೆಸ್ಟ್’ ನಾಟಕವನ್ನೇ ತೆಗೆದುಕೊಳ್ಳೋಣ. ದ್ವೀಪಕ್ಕೆ ಬಂದ ಪ್ರಾಸ್ಪೆರೊ ಮತ್ತು ಅವನ ಮಗಳು ಮಿರಾಂಡಾ ಕ್ಯಾಲಿಬನ್ನನಿಗೆ ತಮ್ಮ ನುಡಿಯನ್ನು ಕಲಿಸುತ್ತಾರೆ. ಅದರಿಂದ ತನಗಾದ ಲಾಭವೆಂದರೆ ಶಪಿಸಲು ಬಂದದ್ದು ಎಂದು ಅವನು ತಿರುಗಿ ನುಡಿಯುತ್ತಾನೆ. ಅವನು ಮೊದಲು ಅರ್ಥವಿಲ್ಲದೆ ಬಡಬಡಿಸುತ್ತಿದ್ದನೆಂಬ ಮಾತು 1623ರ ಮೊದಲ ಸಂಪುಟದಲ್ಲಿ ಮಿರಾಂಡಾಳದು. ಎಳೆಯ ಹುಡುಗಿಯ ಬಾಯಲ್ಲಿ ಇಷ್ಟು ಕಟುನುಡಿ ಸಲ್ಲದೆಂದು ಬಗೆದ ಕೆಲವು ಸಂಪಾದಕರು ಅದನ್ನು ತಂದೆಯ ಪಾಲಿಗೆ ವರ್ಗಾಯಿಸಿದರು. ಯಾರೇ ಆಡಿದ್ದಿರಲಿ, ಆ ಮಾತು ಕಲಿಸಿದವರದು. ಕ್ಯಾಲಿಬನ್ನನಿಗೆ ಸಿಕೊರಾಕ್ಸ್ ಎಂಬ ತಾಯಿಯಿದ್ದಳು. ತಾಯಿಯಿದ್ದವನಿಗೆ ತಾಯಿನುಡಿ ಇರಲಿಲ್ಲವೆಂದು ನಂಬುವುದು ಹೇಗೆ?

ಕಲಿತ ನುಡಿಯ ಈ ಪ್ರಶ್ನೆಯನ್ನು ನಾಟಕದ ನಡುವಿಗೆ ತಂದು ನಿಲ್ಲಿಸಿದವರಲ್ಲಿ ಪ್ರಮುಖರು ಲಂಡನ್ನಿನ ಪಂಡಿತರಲ್ಲ. ಬಾರ್ಬಡೋಸಿನ ಜಾರ್ಜ್ ಲ್ಯಾಮಿಂಗ್ 1960ರಲ್ಲಿ ಪ್ರಬಂಧದ ಮೂಲಕ, ಮಾರ್ಟಿನೀಕಿನ ಎಮೆ ಸೆಜೇರ್ 1969ರಲ್ಲಿ ಮರುನಾಟಕದ ಮೂಲಕ ಅದನ್ನು ಎತ್ತಿದರು. ಆಳುವವರ ನುಡಿಯಲ್ಲಿ ಓದಿ ಬೆಳೆದ ದ್ವೀಪವಾಸಿಗಳ ಕಣ್ಣಿಗೆ ಅದು ತಟ್ಟನೆ ಬಿತ್ತು. ಮನೆಯಲ್ಲಿ ಒಂದು ನುಡಿ, ಕಚೇರಿಯಲ್ಲಿ ಇನ್ನೊಂದು, ಪುಸ್ತಕದಲ್ಲಿ ಮತ್ತೊಂದು ಎಂದು ಬೆಳೆಯುತ್ತಿರುವ ತಮ್ಮ ಮಗುವಿಗೂ ಅದು ಕಾಣದಿರದು.

ಕುವೆಂಪು ಇದೇ ನಾಟಕವನ್ನು ‘ಬಿರುಗಾಳಿ’ಯಾಗಿಸಿದರು, ಹ್ಯಾಮ್ಲೆಟನ ಕಥೆಯನ್ನು ‘ರಕ್ತಾಕ್ಷಿ’ಯಲ್ಲಿ ಬಿದನೂರಿನ ಅರಮನೆಗೆ ತಂದರು. ಡಿ.ವಿ.ಜಿ. ‘ಮ್ಯಾಕ್‌ಬೆತ್’ ಅನುವಾದಿಸಿದರು. ಒಂದು ಪಾತ್ರವನ್ನು ಕನ್ನಡದಲ್ಲಿ ನಡೆಸಬೇಕಾದರೆ ಅದರ ಒಳಗುದಿಯನ್ನು ಎಷ್ಟು ಅರಿತಿರಬೇಕು! ಪರೀಕ್ಷೆಯ ಹತ್ತು ಅಂಕಗಳ ಉತ್ತರ ಅದರ ಮುಂದೆ ಎಷ್ಟರದು?

ಇಂಗ್ಲಿಷನ್ನು ಚೆನ್ನಾಗಿ ಕಲಿಸಿರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪಾಠದಲ್ಲಿ ಈ ಕಥೆ ಬಂದ ದಿನ ಪ್ರಶ್ನೆಯನ್ನು ಮೊದಲು ಕನ್ನಡದಲ್ಲಿ ಕೇಳಿರಿ: ಕ್ಯಾಲಿಬನ್ನನಿಗೆ ಮಾತೇ ಇರಲಿಲ್ಲವೋ, ಅಥವಾ ಅವನ ಮಾತು ಬಂದವರಿಗೆ ತಿಳಿಯಲಿಲ್ಲವೋ? ಮಗು ವಾದಿಸಲಿ, ತಮ್ಮೊಡನೆ ಜಗಳವನ್ನೇ ಆಡಲಿ. ಇಂಗ್ಲಿಷಿನಲ್ಲಿ ಬರೆಯುವುದು ಆಮೇಲೆ.